ನ್ಯೂಜೆರ್ಸಿಯಿಂದ ವಿಲಿಯಮ್ಸ್‌ಬರ್ಗ್‌ಗೆ ಆರ್‌ವಿಯಲ್ಲಿ ಹೋಗಬಹುದಾ?

ಖಂಡಿತ ಹೋಗಿ. ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲಾ ಇರುವ ದೊಡ್ಡ ಗಾಡಿ, ಕಷ್ಟ ಆಗುತ್ತಾ, ಮಕ್ಕಳನ್ನು ಕರೆದುಕೊಂಡು ವರ್ಜೀನಿಯಾದ ಕೊಲೋನಿಯಲ್ ವಿಲಿಯಮ್ಸ್‌ಬರ್ಗ್ (ಹದಿನೆಂಟನೇ ಶತಮಾನದ ಊರನ್ನೇ ಮ್ಯೂಸಿಯಂ ಮಾಡಿಟ್ಟಿರುವ ಜಾಗ) ನೋಡೋಕೆ ಒಂದು ದಿನ ಸಾಕಾ ಅಂತ ಕೇಳಿದ್ದೀರಿ. ನಾವು ಅತ್ತೆ, ಮಾವ, ಮಕ್ಕಳ ಸಮೇತ ಎಡಿಸನ್‌ನಿಂದ ಹೋಗಿದ್ದೆವು. ವಯಸ್ಸಾದವರಿಗೆ ಕಾರಿಗಿಂತ ಆರ್‌ವಿಯೇ ವಾಸಿ. ಬಾತ್‌ರೂಮ್ ಜೊತೆಯಲ್ಲೇ ಇರುತ್ತದೆ, ಬೇಕೆಂದಾಗ ಗಾಡಿ ನಿಲ್ಲಿಸಿ ಅನ್ನ ಸಾರು ಮಾಡಿಕೊಳ್ಳಬಹುದು, ಅವರ ಮಾತ್ರೆಯ ಹೊತ್ತೂ ತಪ್ಪುವುದಿಲ್ಲ.

ಬಾಲ್ಟಿಮೋರ್‌ನಲ್ಲಿ ಮಾತ್ರ ಹುಷಾರು. ಆರ್‌ವಿಯಲ್ಲಿ ಅಡುಗೆಗೆ ಪ್ರೋಪೇನ್ ಸಿಲಿಂಡರ್ ಇರುವುದರಿಂದ ಅಲ್ಲಿನ ಎರಡೂ ಸುರಂಗಗಳಲ್ಲಿ ಬಿಡುವುದಿಲ್ಲ. ಮೊದಲು ಕೀ ಬ್ರಿಡ್ಜ್ ಮೇಲೆ ಹೋಗುತ್ತಿದ್ದರು, ಅದು 2024ರ ಮಾರ್ಚ್‌ನಲ್ಲಿ ಹಡಗು ಬಡಿದು ಬಿತ್ತಲ್ವಾ, ಹಾಗಾಗಿ ಊರನ್ನು ಸುತ್ತುವ 695 ಹೆದ್ದಾರಿಯಲ್ಲಿ ಪಶ್ಚಿಮದ ಕಡೆಯಿಂದ ಸುತ್ತಿಕೊಂಡು ಹೋಗಿ. ಫೋನಿನ ಮ್ಯಾಪನ್ನು ಸುಮ್ನೆ ನಂಬಬೇಡಿ.

ಒಂದು ದಿನ ಸಾಲದು. 301 ಎಕರೆ ಜಾಗ, 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ ಆಗಿದ್ದ ಊರು. ಎಲ್ಲರೂ ಮೊದಲು ಗವರ್ನರ್ ಅರಮನೆಗೆ ಓಡುತ್ತಾರೆ. ಅದು 1781ರಲ್ಲಿ ಸುಟ್ಟುಹೋಗಿ, 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು. ನನ್ನ ಕೇಳಿದರೆ ಅರಮನೆ ಆಮೇಲೆ ನೋಡಿ, ಮೊದಲು ಕುಲುಮೆಗೆ ಹೋಗಿ. ಅಲ್ಲಿ ಕೆಲಸ ಮಾಡುವವರು ವೇಷ ಹಾಕಿ ನಟಿಸುತ್ತಿಲ್ಲ, ವರ್ಷಗಟ್ಟಲೆ ಕೆಲಸ ಕಲಿತವರು, ಅವರು ಬಡಿದ ಮೊಳೆಗಳೇ ಅಲ್ಲಿನ ಕಟ್ಟಡಗಳಿಗೆ ಹೋಗುತ್ತವೆ, ಎಷ್ಟು ಪ್ರಶ್ನೆ ಕೇಳಿದರೂ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ. ನಮ್ಮ ಮಾವನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೂ ತಿದಿ ನೋಡಿದ ಕೂಡಲೇ ಹತ್ತಿರ ಹೋದರು, ನನ್ನ ಮಗಳ ಕೈಲಿ ಕೇಳಿಸಿ ಕೇಳಿಸಿ, ಕಬ್ಬಿಣ ಎಷ್ಟು ಕೆಂಪಾದರೆ ಬಡಿಯುತ್ತೀರಿ ಅನ್ನುವವರೆಗೂ ಮಾತಾಡಿದರು. ಅಜ್ಜನಿಗೆ ಇಷ್ಟೆಲ್ಲಾ ಗೊತ್ತು ಅಂತ ಮಕ್ಕಳಿಗೆ ತಿಳಿದಿದ್ದೇ ಅವತ್ತು. ಬೇಸಿಗೆಯಲ್ಲಿ ಇಟ್ಟಿಗೆಗೆ ಮಣ್ಣು ತುಳಿಯೋಕೆ ಮಕ್ಕಳನ್ನೂ ಇಳಿಸುತ್ತಾರೆ, ಬದಲಿ ಬಟ್ಟೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಆ ಕಾಲದಲ್ಲಿ ಈ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನಾಂಗದವರು, ಬಹುತೇಕ ಎಲ್ಲರೂ ಗುಲಾಮರು. ಮಕ್ಕಳು ಚಿಕ್ಕವರು ಅಂತ ಈ ಭಾಗ ಬಿಡಬೇಡಿ. 1760ರಲ್ಲಿ ಕಪ್ಪು ಮಕ್ಕಳಿಗಾಗಿ ಶುರುವಾದ ಬ್ರೇ ಸ್ಕೂಲ್ ನಡೆದಿದ್ದ ಮೂಲ ಕಟ್ಟಡವನ್ನೇ 2023ರಲ್ಲಿ ಇಲ್ಲಿಗೆ ಸಾಗಿಸಿದ್ದಾರೆ. ಓದು ಕಲಿಸುತ್ತಲೇ, ಗುಲಾಮರಾಗಿ ಇರುವುದನ್ನು ಒಪ್ಪಿಕೊಳ್ಳಿ ಅಂತಲೂ ಕಲಿಸುತ್ತಿದ್ದರು. ಇದನ್ನು ಮಕ್ಕಳ ಜೊತೆ ಕೂತು ಮಾತಾಡಲೇಬೇಕು.

ಗಾಡಿಯನ್ನು ವಿಸಿಟರ್ ಸೆಂಟರ್ ಹತ್ತಿರ ನಿಲ್ಲಿಸಿ, ಅಲ್ಲಿಂದ ಬಸ್ ಇದೆ. ಬೀದಿಯಲ್ಲಿ ಓಡಾಡೋಕೆ ಟಿಕೆಟ್ ಬೇಡ, ಕಟ್ಟಡಗಳ ಒಳಗೆ ಹೋಗೋಕೆ ಮಾತ್ರ ಬೇಕು. ಹಾಗಾಗಿ ತಲುಪಿದ ಸಂಜೆ ಹಾಗೇ ಸುತ್ತಾಡಿ, ಮರುದಿನದಿಂದ ಟಿಕೆಟ್ ತಗೊಳ್ಳಿ. ಜುಲೈನಲ್ಲಿ ಸೆಖೆ ವಿಪರೀತ. ಅಪ್ಪ ಅಮ್ಮನಿಗೆ ರಾತ್ರಿಯಿಡೀ ಎಸಿ ಬೇಕಾಗುತ್ತದೆ, ಕರೆಂಟ್ ಕನೆಕ್ಷನ್ ಇರುವ ಕ್ಯಾಂಪ್‌ಸೈಟನ್ನೇ ಬುಕ್ ಮಾಡಿ.