ಪೋರ್ಟಬಲ್ ಸಾಮಿಲ್‌ನಲ್ಲಿ ಇಬ್ಬರು ಸೇರಿ ದಿನಕ್ಕೆ ಎಷ್ಟು ಕೊಯ್ಯಬಹುದು?

ನೀವು ಕೇಳಿದ್ದು ಇಷ್ಟು. ನೀವು ಮತ್ತು ನಿಮ್ಮ ತಮ್ಮ ಫೋಂಡಾದಲ್ಲಿದ್ದೀರಿ. ಊರಿಂದ ಊರಿಗೆ ಎಳೆದುಕೊಂಡು ಹೋಗುವ ಬ್ಯಾಂಡ್ ಸಾಮಿಲ್, ಅಂದರೆ ಎರಡು ಚಕ್ರಕ್ಕೆ ಸುತ್ತಿದ ಪಟ್ಟಿಯಂಥ ಬ್ಲೇಡಿನಲ್ಲಿ ಮರ ಕೊಯ್ಯುವ ಮಿಷನ್, ತೆಗೆದುಕೊಳ್ಳಬೇಕು ಅಂತಿದ್ದೀರಿ. ಮಾರುವವರು ಗಂಟೆಗೆ 25 ಘನ ಅಡಿ ಕೊಯ್ಯುತ್ತದೆ ಅಂದಿದ್ದಾರೆ. ಹಾಗಾದರೆ ಎಂಟು ಗಂಟೆಗೆ 200 ಆಗುತ್ತದಲ್ವಾ ಅಂತ ನಿಮ್ಮ ಲೆಕ್ಕ.

ಆಗುವುದಿಲ್ಲ. ನಾನು ಹಳಿಯಾಳ ಕಡೆಯವನು. ಗೋವಾಕ್ಕೆ ಬಂದು 11 ವರ್ಷ ಆಯಿತು. ಕೇಪೆ, ಸಾಂಗೆ, ಕಾಣಕೋಣ ಕಡೆ ಇದೇ ತರಹದ ಮಿಷನ್ ನಡೆಸುತ್ತೇನೆ. ನಾನು ಮತ್ತು ನನ್ನ ಭಾವಮೈದುನ, ಇಬ್ಬರೇ. ಶುರುವಿನಲ್ಲಿ ದಿನಕ್ಕೆ 60 ಘನ ಅಡಿ ದಿಮ್ಮಿ ಕೊಯ್ದರೆ ಅದೇ ಹೆಚ್ಚು ಅನ್ನಿಸುತ್ತಿತ್ತು. ಈಗ ಒಳ್ಳೆ ದಿನ 85, 90 ಆಗುತ್ತದೆ. ಇಲ್ಲಿಗೆ ಬರಲು ಎರಡು ಸೀಸನ್ ಬೇಕಾಯಿತು. ಮಿಷನ್ ಮಾತ್ರ ಅದೇ, ಬದಲಾಯಿಸಿಲ್ಲ.

ಲೆಕ್ಕಕ್ಕೆ ಹೋಗುವ ಮುಂಚೆ ಒಂದು ಮಾತು. ದುಡ್ಡು ಕಟ್ಟುವ ಮೊದಲು ಅರಣ್ಯ ಇಲಾಖೆಯ ಆಫೀಸಿಗೆ ಹೋಗಿ ಬನ್ನಿ. ಚಕ್ರ ಇದೆ, ಶೆಡ್ ಇಲ್ಲ, ಇದಕ್ಕೆಲ್ಲ ಲೈಸೆನ್ಸ್ ಯಾಕೆ ಅಂತ ಕೆಲವರು ಹೇಳುತ್ತಾರೆ. ಆ ಮಾತು ನಂಬಿ ಕೂರಬೇಡಿ. ಕಾಡು ಉಳಿಸುವ ಬಗ್ಗೆ ನಡೆದ ಗೋದಾವರ್ಮನ್ ಕೇಸಿನ 1996ರ ಆದೇಶದಿಂದಲೇ ಸಾಮಿಲ್‌ಗಳ ಮೇಲೆ ಸುಪ್ರೀಂ ಕೋರ್ಟಿನ ಕಣ್ಣಿದೆ. ಮರದ ಉದ್ದಿಮೆಗಳಿಗೆ ಅಂತಲೇ ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ತಂದಿದೆ. ಆ ಪ್ರಕಾರ ಲೈಸೆನ್ಸ್ ವಿಷಯ ನೋಡಲು ರಾಜ್ಯ ಮಟ್ಟದ ಸಮಿತಿ ಇರುತ್ತದೆ. ನಾನು ಲೈಸೆನ್ಸ್ ಇರುವ ಮಾಲೀಕರ ಕೈಕೆಳಗೆ ಕೆಲಸ ಮಾಡುವವನು, ಆ ಓಡಾಟ ಅವರೇ ನೋಡಿಕೊಳ್ಳುತ್ತಾರೆ. ಮರ ಕಡಿಯಲು ಬೇರೆ ಅನುಮತಿ ಬೇಕು. ಗೋವಾದಲ್ಲಿ 1984ರ ಮರಗಳ ರಕ್ಷಣೆ ಕಾಯ್ದೆ ಇದೆ, ಸ್ವಂತ ಜಾಗದ ಮರಕ್ಕೂ ಅದು ಅನ್ವಯಿಸುತ್ತದೆ. ಮರ ಕಡಿಯಲು ಸಿಕ್ಕ ಅನುಮತಿಯ ಕಾಗದ ತೋರಿಸದವರ ದಿಮ್ಮಿ ನಾವು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ. ನೆಂಟರಾದರೂ ಸರಿ.

ಈಗ ಲೆಕ್ಕಕ್ಕೆ ಬರೋಣ. ಎರಡನೇ ವರ್ಷ ಜನವರಿಯಲ್ಲಿ ಒಂದು ದಿನ ನಾನು ವಾಚ್ ಮತ್ತು ನೋಟ್‌ಬುಕ್ ಇಟ್ಟುಕೊಂಡು ನಿಮಿಷ ನಿಮಿಷ ಬರೆದೆ. ಕೇಪೆ ಹತ್ತಿರ ಒಂದು ಮನೆ. ಹಲಸು, ಮಾವು ಸೇರಿ ಒಂಬತ್ತು ದಿಮ್ಮಿ, ಒಟ್ಟು 63 ಘನ ಅಡಿ. ಬೆಳಗ್ಗೆ 8ರಿಂದ ಸಂಜೆ 5ರ ತನಕ, ಅಂದರೆ 540 ನಿಮಿಷ. ಅದರಲ್ಲಿ ಬ್ಲೇಡ್ ಮರದೊಳಗೆ ಇದ್ದದ್ದು ಬರೀ 155 ನಿಮಿಷ. ದಿಮ್ಮಿ ಎಳೆದು ತರುವುದು, ಹತ್ತಿಸುವುದು, ಉರುಳಿಸಿ ಬಿಗಿಯುವುದಕ್ಕೆ 140 ನಿಮಿಷ ಹೋಯಿತು. ಹಲಗೆ ಹೊತ್ತು ಪೇರಿಸಲು 75. ನಾಲ್ಕು ಸಲ ಬ್ಲೇಡ್ ಬದಲಾಯಿಸಲು 60. ಊಟ, ಚಹಾ 60. ಅಳತೆ, ಮಾತುಕತೆ 30. ಪೆಟ್ರೋಲ್ ಹಾಕುವುದು, ಪುಡಿ ಗುಡಿಸುವುದು 20.

ರಾತ್ರಿ ಕೂತು ಕೂಡಿಸಿ ನೋಡಿದೆ. 155 ನಿಮಿಷಕ್ಕೆ 63 ಅಂದರೆ ಗಂಟೆಗೆ 24ರ ಮೇಲೆ. ನಿಮಗೆ 25 ಅಂದವರು ಸುಳ್ಳು ಹೇಳಿಲ್ಲ. ಬ್ಲೇಡ್ ಮರದೊಳಗೆ ಓಡುತ್ತಿರುವಾಗ ಅಷ್ಟು ಆಗಿಯೇ ಆಗುತ್ತದೆ. ಆದರೆ ಇಡೀ ದಿನದಲ್ಲಿ ಅದು ಮರದೊಳಗೆ ಇರುವುದೇ ಕಮ್ಮಿ. ಅಲ್ಲಿಯ ತನಕ ನಾನು ಮಿಷನ್ ಜೋರಾಗಿ ತಳ್ಳಿದರೆ ಕೆಲಸ ಜಾಸ್ತಿ ಆಗುತ್ತದೆ ಅಂದುಕೊಂಡಿದ್ದೆ. ಜೋರಾಗಿ ತಳ್ಳಿದರೆ ಬ್ಲೇಡ್ ಅಲೆ ಅಲೆಯಾಗಿ ಹೋಗುತ್ತದೆ, ಹಲಗೆ ಹಾಳು. ಉಳಿಸಬೇಕಾದದ್ದು ಉಳಿದ 385 ನಿಮಿಷದಲ್ಲಿ.

ಮೊದಲು ಬದಲಾಯಿಸಿದ್ದು ಭಾವಮೈದುನನ ಕೆಲಸವನ್ನು. ಮುಂಚೆ ನಾನು ಕೊಯ್ಯುವಾಗ ಅವನು ಪಕ್ಕದಲ್ಲಿ ನಿಂತು ಹಲಗೆ ಬರುವುದನ್ನೇ ಕಾಯುತ್ತಿದ್ದ. ದಿಮ್ಮಿ ಮುಗಿದ ಮೇಲೆ ಇಬ್ಬರೂ ಹೋಗಿ ಮುಂದಿನದನ್ನು ಎಳೆದು ತರುತ್ತಿದ್ದೆವು. ಈಗ ಬೆಳಗ್ಗೆ ಎಂಜಿನ್ ಹಾಕುವ ಮುಂಚೆಯೇ ನಾಲ್ಕೈದು ದಿಮ್ಮಿ ಮಿಷನ್ ಪಕ್ಕಕ್ಕೆ ಬಂದಿರಬೇಕು. ನೆಲದ ಮೇಲಲ್ಲ, ಎರಡು ಅಡ್ಡ ತೊಲೆ ಹಾಕಿ ಅದರ ಮೇಲೆ, ಮಿಷನ್ ಬೆಡ್ಡಿನ (ದಿಮ್ಮಿ ಕೂರಿಸುವ ಚೌಕಟ್ಟಿನ) ಎತ್ತರಕ್ಕೆ. ಸನ್ನೆಕೋಲು ಕೊಟ್ಟು ಒಂದು ಸಲ ಉರುಳಿಸಿದರೆ ನೇರ ಬೆಡ್ಡಿಗೆ ಬಂದು ಕೂರುತ್ತದೆ. ನಾನು ಒಂದನ್ನು ಕೊಯ್ಯುವಾಗ ಅವನು ಮುಂದಿನದರ ತೊಗಟೆ ತೆಗೆಯುತ್ತಿರುತ್ತಾನೆ. ಇದೊಂದರಲ್ಲೇ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಉಳಿಯಿತು.

ತೊಗಟೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋವಾದಲ್ಲಿ ಇದು ದೊಡ್ಡ ವಿಷಯ. ನೀವು ನೋಡಿರುತ್ತೀರಿ, ಇಲ್ಲಿಯ ಮಣ್ಣು ಕೆಂಪು, ಮುರಕಲ್ಲಿನ ಹರಳು ಹರಳು. ಜೆಸಿಬಿಯಲ್ಲಿ ದಿಮ್ಮಿ ಎಳೆದರೆ ಆ ಹರಳು ತೊಗಟೆಯ ಬಿರುಕಿನೊಳಗೆ ಹೋಗಿ ಕೂರುತ್ತದೆ. ನೀರು ಹಾಕಿದರೂ ಪೂರ್ತಿ ಹೋಗುವುದಿಲ್ಲ. ಬ್ಲೇಡಿನ ಹಲ್ಲಿಗೆ ಅದು ಕಲ್ಲಿಗೆ ಉಜ್ಜಿದ ಹಾಗೆ. ಹಾಗಂತ ಇಡೀ ದಿಮ್ಮಿಯ ತೊಗಟೆ ಸುಲಿಯಬೇಕಿಲ್ಲ. ಬ್ಲೇಡ್ ಯಾವ ಕಡೆಯಿಂದ ಮರದೊಳಗೆ ನುಗ್ಗುತ್ತದೆಯೋ ಆ ಬದಿ ಮಾತ್ರ ಸಾಕು. ಹೊರಗೆ ಬರುವ ಬದಿಯ ಮಣ್ಣನ್ನು ಹಲ್ಲೇ ಆಚೆ ಎಸೆಯುತ್ತದೆ. ನುಗ್ಗುವ ಬದಿಯ ಮಣ್ಣನ್ನು ಮಾತ್ರ ಅದು ಮರದೊಳಗೆ ಎಳೆದುಕೊಂಡು ಹೋಗುತ್ತದೆ. ಚಿಕ್ಕ ಕೊಡಲಿಯಲ್ಲಿ ನಾಲ್ಕು ಬೆರಳು ಅಗಲದ ಪಟ್ಟಿ ಕೆತ್ತಿ, ತಂತಿ ಬ್ರಷ್ ಆಡಿಸಿದರೆ ಆಯಿತು. ಒಂದು ದಿಮ್ಮಿಗೆ ಐದು ನಿಮಿಷ. ಹಾಗೆ ಮಾಡಿದ ದಿನ ಒಂದು ಬ್ಲೇಡ್ ಎರಡು ಗಂಟೆ ಚೆನ್ನಾಗಿ ಬರುತ್ತದೆ. ಮಾಡದ ದಿನ ಅರ್ಧ ಗಂಟೆಯಲ್ಲೇ ಮೊಂಡಾದದ್ದು ಇದೆ.

ಮೊಂಡಾದದ್ದು ಹಲಗೆ ನೋಡಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಕಿವಿಗೆ ಮೊದಲು ಗೊತ್ತಾಗಬೇಕು. ಚೂಪಾದ ಬ್ಲೇಡ್ ಒಂದೇ ಸಮನೆ ಹಾಡಿದ ಹಾಗೆ ಹೋಗುತ್ತದೆ. ಮೊಂಡಾಗುತ್ತಾ ಬಂದರೆ ಎಂಜಿನ್ ದನಿ ಇಳಿಯುತ್ತದೆ, ನಿಮ್ಮ ಕೈ ನಿಮಗೇ ಗೊತ್ತಿಲ್ಲದೆ ಜಾಸ್ತಿ ತಳ್ಳುತ್ತದೆ. ಆಗ ನಿಲ್ಲಿಸಿ ಪುಡಿ ಹಿಡಿದು ನೋಡಿ. ಹಲಸಿನ ಪುಡಿ ಹಳದಿ, ರವೆಯ ಹಾಗೆ ತರಿತರಿಯಾಗಿ ಬೆರಳಿಗೆ ಸಿಗಬೇಕು. ಹಿಟ್ಟಿನ ಹಾಗೆ ನುಣ್ಣಗಾಗಿ, ಬಿಸಿಯಾಗಿದ್ದರೆ ಆ ಬ್ಲೇಡ್ ಬಿಚ್ಚಿ. ಇನ್ನೊಂದು ಹಲಗೆ ತೆಗೆದು ಬಿಡೋಣ ಅನ್ನಬೇಡಿ. ಹಾಗೆ ಅಂದು ನಾನು ಸಾಗುವಾನಿಯ ಒಂದು ಒಳ್ಳೆ ಹಲಗೆಯನ್ನು ನಡುವೆ ಎರಡು ಸೂತ್, ಅಂದರೆ ಕಾಲು ಇಂಚು, ತೆಳ್ಳಗೆ ಮಾಡಿಬಿಟ್ಟೆ. ಬಾಗಿಲಿಗೆ ಅಂತ ಇಟ್ಟಿದ್ದ ಮರ. ಆ ಮನೆಯ ಅಜ್ಜ ಏನೂ ಅನ್ನಲಿಲ್ಲ, ಸುಮ್ನೆ ಹಲಗೆ ಮೇಲೆ ಕೈ ಸವರಿದರು. ಆ ದಿನದ ಕೂಲಿ ನಾನು ತೆಗೆದುಕೊಳ್ಳಲಿಲ್ಲ.

ಅದಕ್ಕೇ ಹೇಳುವುದು, ಬ್ಲೇಡಿಗೆ ಜಿಪುಣತನ ಬೇಡ. ಕೆಲಸಕ್ಕೆ ಹೊರಟಾಗ ಚೂಪು ಮಾಡಿದ ಎಂಟಾದರೂ ಪೆಟ್ಟಿಗೆಯಲ್ಲಿರಲಿ. ಬಿಚ್ಚಿದ್ದನ್ನು ಅಲ್ಲೇ ಕೂತು ಅರೆಯಲು ಹೋಗಬೇಡಿ, ಅದು ಸಂಜೆಯ ಕೆಲಸ. ಹಲ್ಲಿನ ಓರೆ, ಅಂದರೆ ಹಲ್ಲು ಮುಂದಕ್ಕೆ ಎಷ್ಟು ಬಾಗಿದೆ ಅನ್ನುವುದನ್ನೂ ನೋಡಿಕೊಳ್ಳಿ. ಸಾಮಾನ್ಯ ಹಸಿ ಮರಕ್ಕೆ 10 ಡಿಗ್ರಿಯ ಬ್ಲೇಡ್ ಚೆನ್ನ. ಮತ್ತಿ, ಒಣಗಿದ ಹಲಸು ಇಂಥ ಗಟ್ಟಿ ಮರಕ್ಕೆ 7 ಅಥವಾ 4 ಡಿಗ್ರಿಯದು ಹಾಕಿದರೆ ನೆಟ್ಟಗೆ ಹೋಗುತ್ತದೆ. ಓಡುತ್ತಾ ಬಿಸಿಯಾದ ಬ್ಲೇಡ್ ಉದ್ದ ಆಗುತ್ತದೆ, ಬಿಗಿ ಸಡಿಲುತ್ತದೆ. ಆಗಾಗ ನಿಲ್ಲಿಸಿ ನೋಡಿ. ಊಟಕ್ಕೆ ಹೋಗುವಾಗ ಬಿಗಿ ಇಳಿಸಿ ಹೋಗಿ. ಇಲ್ಲದಿದ್ದರೆ ತಣ್ಣಗಾಗಿ ಕುಗ್ಗುವಾಗ ಬ್ಲೇಡಿಗೂ ಚಕ್ರಕ್ಕೂ ಎಳೆತ ಬೀಳುತ್ತದೆ. ಬ್ಲೇಡ್ ತುಂಡಾಗುವ ಚಾನ್ಸ್ ಯಾವಾಗಲೂ ಇದೆ. ಅದು ಓಡುವ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ, ಮುಖ್ಯವಾಗಿ ನೋಡಲು ಬರುವ ಮಕ್ಕಳನ್ನು.

ಇನ್ನು ಮೊಳೆ. ಮನೆ ಅಂಗಳದ ಮರ ಅಂದರೆ ಮೊಳೆ ಇದೆ ಅಂತಲೇ ಇಟ್ಟುಕೊಳ್ಳಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಆಗ ಗೋವಾದಲ್ಲಿ ಎಷ್ಟು ಮರ ಬಿದ್ದವು ಅಂತ ನಿಮಗೆ ಗೊತ್ತಿರಬಹುದು. ಮಳೆಗಾಲ ಮುಗಿದ ಮೇಲೆ ನಮಗೆ ಬಂದ ಕೆಲಸ ಹೆಚ್ಚಿನದು ಅಂಗಳದಲ್ಲಿ ಬಿದ್ದ ಮಾವು, ಹಲಸಿನದೇ. ಒಂದು ಮಾವಿನ ದಿಮ್ಮಿಯಲ್ಲಿ ಒಂದೇ ಗಂಟೆಯಲ್ಲಿ ಮೂರು ಬ್ಲೇಡ್ ಹೋದವು. ಮನೆಯವರು ಮೊಳೆ ಇಲ್ಲವೇ ಇಲ್ಲ ಅಂದಿದ್ದರು, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಬ್ಬಕ್ಕೆ ದೀಪದ ಸರ ಕಟ್ಟಲು ಯಾವಾಗಲೋ ಹೊಡೆದ ಮೊಳೆಗಳು. ಮರ ಬೆಳೆದು ನುಂಗಿಬಿಟ್ಟಿತ್ತು. ಹೊರಗೆ ಒಂದು ಗುರುತೂ ಇಲ್ಲ. ಮೊದಲ ಹಲಗೆ ತೆಗೆದಾಗ ಉದ್ದಕ್ಕೆ ಒಂದು ಕಪ್ಪು-ನೀಲಿ ಗೆರೆ ಕಂಡಿತ್ತು, ನಾನು ಗಮನ ಕೊಡಲಿಲ್ಲ. ಅಂಥ ಗೆರೆ ಕಂಡರೆ ಹತ್ತಿರದಲ್ಲಿ ಕಬ್ಬಿಣ ಇದೆ ಅಂತಲೇ ಎಚ್ಚರ ಮಾಡಿಕೊಳ್ಳಿ. ಕಬ್ಬಿಣ ಮತ್ತು ಮರದ ಒಗರು ಸೇರಿದರೆ ಆ ಬಣ್ಣ ಬರುತ್ತದೆ. ಈಗ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಇದೆ. ಬುಡದಿಂದ ಆಳೆತ್ತರದ ತನಕ ಮೊಳೆ ಇರುವುದು ಜಾಸ್ತಿ, ಅಷ್ಟು ಭಾಗವನ್ನು ಎರಡು ಸಲ ಆಡಿಸುತ್ತೇವೆ. ಮೊಳೆಗೆ ಸಿಕ್ಕಿ ಬ್ಲೇಡ್ ಹಾಳಾದರೆ ಅದರ ಬೆಲೆ ಮರದವರದು ಅಂತ ಮೊದಲೇ ಮಾತಾಡಿ, ಬರೆದುಕೊಳ್ಳುತ್ತೇವೆ.

ಬರೆಯುವ ಮಾತು ಬಂತು. ಯಾವ ಅಳತೆ ಬೇಕು ಅಂತ ಹಿಂದಿನ ದಿನವೇ ಪಟ್ಟಿ ತೆಗೆದುಕೊಳ್ಳಿ. ಮನೆಯವರದ್ದಲ್ಲ, ಅವರ ಬಡಗಿಯದ್ದು. ಮನೆಯವರು ಹಲಗೆ ಅನ್ನುತ್ತಾರೆ. ಬಡಗಿಗೆ ಬಾಗಿಲ ಚೌಕಟ್ಟಿಗೆ ಎಷ್ಟು, ಮಾಡಿನ ಪಕಾಸಿಗೆ ಎಷ್ಟು, ರೀಪಿಗೆ ಎಷ್ಟು ಅಂತ ಗೊತ್ತಿರುತ್ತದೆ. ಅರ್ಧ ದಿಮ್ಮಿ ಕೊಯ್ದ ಮೇಲೆ ಅಳತೆ ಬದಲಾದರೆ ಆ ಮರದಲ್ಲಿ ಮತ್ತೆ ಲೆಕ್ಕ ಕೂರುವುದಿಲ್ಲ.

ಅಳತೆಯಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ದಿಮ್ಮಿ ಅಳೆಯುವುದು ಸುತ್ತಳತೆಯ ಕಾಲು ಭಾಗದ ಲೆಕ್ಕದಲ್ಲಿ. ಸುತ್ತಳತೆ 48 ಇಂಚು ಇದ್ದರೆ ಕಾಲು ಭಾಗ 12 ಇಂಚು, ಅಂದರೆ ಒಂದು ಅಡಿ. ಒಂದು ಅಡಿ ಗುಣಿಸು ಒಂದು ಅಡಿ, ಉದ್ದ 10 ಅಡಿ ಇದ್ದರೆ 10 ಘನ ಅಡಿ. ನಿಜವಾಗಿ ಆ ದಿಮ್ಮಿಯಲ್ಲಿ 12.7 ಘನ ಅಡಿ ಮರ ಇರುತ್ತದೆ, ದುಂಡಗಿನ ಅಂಚು ಹೋಗುತ್ತದೆ ಅಂತ ಈ ಲೆಕ್ಕವೇ ಸ್ವಲ್ಪ ಬಿಟ್ಟಿರುತ್ತದೆ. ನಾನು ಮೇಲೆ ಹೇಳಿದ 63, 90 ಎಲ್ಲ ಈ ದಿಮ್ಮಿ ಲೆಕ್ಕ, ಕೊಯ್ದ ಹಲಗೆಯದ್ದಲ್ಲ. ಕೂಲಿ ಮಾತಾಡುವಾಗ ದಿಮ್ಮಿ ಅಳತೆಗೋ ಹಲಗೆ ಅಳತೆಗೋ ಅಂತ ಬಾಯಿಬಿಟ್ಟು ಹೇಳಿ. ಇದರಲ್ಲೇ ಜಗಳ ಆಗುವುದು.

ಹಾಗಾದರೆ ದೊಡ್ಡ ಮಿಲ್ಲಿಗೆ ಹಾಕದೆ ಜನ ನಮ್ಮನ್ನು ಯಾಕೆ ಕರೆಯುತ್ತಾರೆ? ಸಾಗಾಟ ಉಳಿಯುತ್ತದೆ, ಅದೊಂದು. ಇನ್ನೊಂದು, ನಮ್ಮ ಬ್ಲೇಡ್ ತೆಳು. ದುಂಡನೆಯ ಗರಗಸ ಒಂದು ಸಲ ಹೋದರೆ ಸುಮಾರು 6 ಮಿ.ಮೀ. ಮರ ಪುಡಿಯಾಗುತ್ತದೆ, ನಮ್ಮದರಲ್ಲಿ ಎರಡೂವರೆಯ ಹತ್ತಿರ. ಒಂದಿಂಚಿನ ಹತ್ತು ಹಲಗೆ ತೆಗೆಯುವಲ್ಲಿ ಒಂದು ಹಲಗೆ ಜಾಸ್ತಿ ಸಿಗುತ್ತದೆ. ಅಜ್ಜ ನೆಟ್ಟ ಹಲಸಿನ ಮರ ಬಿದ್ದ ಮನೆಯವರಿಗೆ ಆ ಒಂದು ಹಲಗೆ ದೊಡ್ಡದು. ಅವರ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ.

ನಿಮ್ಮಿಬ್ಬರ ಲೆಕ್ಕ ಹಾಕುವಾಗ ಮೊದಲ ಸೀಸನ್ ದಿನಕ್ಕೆ 40 ಘನ ಅಡಿ ಹಿಡಿಯಿರಿ. ಹೊಸ ಜಾಗಕ್ಕೆ ಹೋದ ದಿನ ಇನ್ನೂ ಕಮ್ಮಿ. ಬೆಡ್ ಮಟ್ಟ ಮಾಡಲೇ ಮುಕ್ಕಾಲು ಗಂಟೆ ಬೇಕು, ಮಟ್ಟ ಸರಿ ಇಲ್ಲದಿದ್ದರೆ ಹಲಗೆ ಒಂದು ತುದಿ ದಪ್ಪ, ಒಂದು ತುದಿ ತೆಳು. ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೇ ಸೇರಿಸಬೇಡಿ, ಆ ಮಳೆಯಲ್ಲಿ ನಮ್ಮ ಮಿಷನ್ ಟಾರ್ಪಾಲಿನ ಕೆಳಗೇ ಇರುತ್ತದೆ. ಅಕ್ಟೋಬರಿಂದ ಮೇ, ಅದರಲ್ಲೂ ತಿಂಗಳಿಗೆ 18 ದಿನ ಸಿಕ್ಕರೆ ಚೆನ್ನಾಗಿ ಸಿಕ್ಕ ಹಾಗೆ. 40ರ ಲೆಕ್ಕದಲ್ಲಿ ಕಂತು ಕಟ್ಟಲು ಆಗುತ್ತದೆ ಅಂದರೆ ತೆಗೆದುಕೊಳ್ಳಿ. 200ರ ಲೆಕ್ಕದಲ್ಲಿ ಮಾತ್ರ ಆಗುತ್ತದೆ ಅಂದರೆ ಬೇಡ. ತೆಗೆದುಕೊಂಡರೆ ಮೊದಲ ವಾರವೇ ಒಂದು ದಿನ ವಾಚ್ ಇಟ್ಟುಕೊಂಡು ಬರೆದು ಇಲ್ಲೇ ಹಾಕಿ, ಎಲ್ಲಿ ಹೊತ್ತು ಹೋಗುತ್ತಿದೆ ಅಂತ ಕೂತು ನೋಡೋಣ.