ಮನೆಗೆ ಚಕ್ರ ಇರಲಿ, ವಿಳಾಸಕ್ಕೆ ಬೇಡ

ಡಲ್ಲಾಸಿಗೆ ಬಂದು ವರ್ಷವಾಯಿತು, ನೀವು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ, ಹೆಂಡತಿ ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿ, ಇಬ್ಬರಿಗೂ ಅಪಾರ್ಟ್‌ಮೆಂಟ್ ಜೀವನ ಸಾಕಾಗಿದೆ. ಕೆಲಸ ಬಿಟ್ಟು ಒಂದು ಆರ್‌ವಿ (ಒಳಗೇ ವಾಸಿಸುವ ಮನೆಗಾಡಿ) ತೆಗೆದುಕೊಂಡು, ಬೇಸಿಗೆಯಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ, ಚಳಿಗಾಲದಲ್ಲಿ ಅರಿಜೋನಾ ಅಂತ ರೆಸಾರ್ಟ್ ಕೆಲಸ ಮಾಡಿಕೊಂಡು ಇರಬಹುದಾ ಎಂದು ಕೇಳಿದ್ದೀರಿ. ಊಟದ ಗತಿ ಏನು ಅಂತಲೂ ಕೇಳಿದ್ದೀರಿ. ನಾನು, ನನ್ನ ಯಜಮಾನರು ಹಾಗೆಯೇ ಬದುಕುತ್ತಿರುವವರು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಈಗಿನ ವೀಸಾದಲ್ಲಿ ಇದು ಆಗುವುದಿಲ್ಲ. ಹಾಗಂತ ಆಸೆ ಬಿಡಬೇಡಿ.

ಎಚ್-1ಬಿ ಅಂದರೆ ನಿಮ್ಮನ್ನು ಕರೆಸಿಕೊಂಡ ಕಂಪನಿಗೆ, ಆ ಹುದ್ದೆಗೆ ಕಟ್ಟಿದ ಅನುಮತಿ. ಲಾಡ್ಜಿನ ಕೌಂಟರಿನಲ್ಲಿ ಒಂದು ದಿನ ನಿಂತರೂ ಅದು ಅನಧಿಕೃತ ಕೆಲಸ. ಇರುವ ಕೆಲಸ ಬಿಟ್ಟರೆ ಹೆಚ್ಚೆಂದರೆ 60 ದಿನ ಸಿಗುತ್ತದೆ, ಅಷ್ಟರಲ್ಲಿ ಇನ್ನೊಬ್ಬರು ಸ್ಪಾನ್ಸರ್ ಮಾಡಬೇಕು ಅಥವಾ ಹೊರಡಬೇಕು. "ನನ್ನದು ರಿಮೋಟ್ ಕೆಲಸ ತಾನೆ, ಆರ್‌ವಿಯಲ್ಲೇ ಕೂತು ಮಾಡುತ್ತೇನೆ" ಎಂದು ತುಂಬಾ ಜನ ಯೋಚಿಸುತ್ತಾರೆ. ನಿಮ್ಮ ಅರ್ಜಿಯ ಜೊತೆ ಕಂಪನಿ ಕೊಟ್ಟ ಎಲ್‌ಸಿಎ ಅನ್ನುವ ಪತ್ರದಲ್ಲಿ ಕೆಲಸದ ಜಾಗ ಬರೆದಿರುತ್ತದೆ. ಆ ಮಹಾನಗರ ವಲಯ ದಾಟಿ ನೆಲೆಸಿ ಕೆಲಸ ಮಾಡಬೇಕಾದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ತಿಂಗಳಿಗೊಂದು ಊರು ಬದಲಿಸುವವರಿಗೆ ಯಾವ ಕಂಪನಿಯೂ ಅದನ್ನು ಮಾಡಿಕೊಡುವುದಿಲ್ಲ. ನಿಮ್ಮ ಹೆಂಡತಿಗೆ ಎಚ್-4 ಇಎಡಿ (ಕೆಲಸದ ಪರವಾನಗಿ) ಸಿಗಬೇಕಾದರೆ ಸಾಮಾನ್ಯವಾಗಿ ನಿಮ್ಮ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರಬೇಕು. ಇಎಡಿ ಸಿಕ್ಕಿದ ದಿನದಿಂದ ಅವರು ಎಲ್ಲಿ ಬೇಕಾದರೂ, ಯಾವ ಕೆಲಸ ಬೇಕಾದರೂ ಮಾಡಬಹುದು, ರೆಸಾರ್ಟ್ ಕೆಲಸವನ್ನೂ.

ಬೇಸಿಗೆಯಲ್ಲಿ ಪಾರ್ಕುಗಳ ಕೌಂಟರಿನಲ್ಲಿ ಬೇರೆ ಬೇರೆ ದೇಶದ ಹುಡುಗ ಹುಡುಗಿಯರನ್ನು ನೀವು ನೋಡಿರಬಹುದು. ಅವರಲ್ಲಿ ಹೆಚ್ಚಿನವರು ಜೆ-1 ವೀಸಾದ ವಿದ್ಯಾರ್ಥಿಗಳು. ತಮ್ಮ ದೇಶದ ಕಾಲೇಜಿನಲ್ಲಿ ಓದುತ್ತಾ ರಜೆಯಲ್ಲಿ ಹೆಚ್ಚೆಂದರೆ ನಾಲ್ಕು ತಿಂಗಳಿಗೆ ಬಂದಿರುತ್ತಾರೆ. ಆ ದಾರಿ ನಿಮ್ಮದಲ್ಲ.

ನಾವು ಹೊರಟಿದ್ದು ಗ್ರೀನ್ ಕಾರ್ಡ್ ಕೈಗೆ ಬಂದು, ಮಗಳು ಕಾಲೇಜು ಸೇರಿದ ಮೇಲೆ. ಆಗಲೂ ಮೊದಲು ಕೂತು ಯೋಚಿಸಿದ್ದು ಗಾಡಿಯ ಬಗ್ಗೆ ಅಲ್ಲ, ವಿಳಾಸದ ಬಗ್ಗೆ. ಇಟ್ಟಿಗೆಯ ಮನೆಯಲ್ಲಿರುವವರು ವಿಳಾಸದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಡಿಯೇ ಮನೆಯಾದಾಗ ಡ್ರೈವಿಂಗ್ ಲೈಸೆನ್ಸ್, ವಿಮೆ, ಬ್ಯಾಂಕ್, ತೆರಿಗೆ ಎಲ್ಲವೂ "ನಿಮ್ಮ ಊರು ಯಾವುದು" ಎಂದು ಕೇಳುತ್ತವೆ. ಇಲ್ಲಿನ ಹುಟ್ಟು ನಾಗರಿಕರಿಗೆ ಅದು ಬರೀ ಅನುಕೂಲದ ಪ್ರಶ್ನೆ, ನಮ್ಮಂಥವರಿಗೆ ಹಾಗಲ್ಲ. ಪೌರತ್ವ ಇಲ್ಲದವರು ವಿಳಾಸ ಬದಲಾದ 10 ದಿನದೊಳಗೆ ಎಆರ್-11 ಅರ್ಜಿಯ ಮೂಲಕ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ತಿಳಿಸಬೇಕು, ಗ್ರೀನ್ ಕಾರ್ಡ್ ಇದ್ದವರೂ ಸೇರಿ. ಪೌರತ್ವಕ್ಕೆ ಎನ್-400 ಅರ್ಜಿ ಹಾಕುವ ಮೊದಲು ಆ ರಾಜ್ಯದಲ್ಲಿ ಅಥವಾ ಯುಎಸ್‌ಸಿಐಎಸ್‌ನ ಆ ವಲಯದಲ್ಲಿ ಮೂರು ತಿಂಗಳ ವಾಸ ಇರಬೇಕು. ಚಳಿಗಾಲದಲ್ಲಿ ಯೂಮಾ ಕಡೆಗೋ ಟೆಕ್ಸಾಸಿನ ರಿಯೋ ಗ್ರಾಂಡೆ ಕಣಿವೆಗೋ ಇಳಿದರೆ ಗಡಿಯಿಂದ ಎಷ್ಟೋ ಮೈಲಿ ಒಳಗೂ ಗಡಿ ಕಾವಲಿನ ಬಾರ್ಡರ್ ಪ್ಯಾಟ್ರೋಲ್‌ನವರು ಗಾಡಿ ನಿಲ್ಲಿಸಿ ಕೇಳುತ್ತಾರೆ. ಮೂಲ ಗ್ರೀನ್ ಕಾರ್ಡು ಜೇಬಿನಲ್ಲೇ ಇರಬೇಕು, ಕಾನೂನೂ ಅದನ್ನೇ ಹೇಳುತ್ತದೆ.

ಪೂರ್ತಿ ಆರ್‌ವಿಯಲ್ಲೇ ಇರುವವರು ಹೆಚ್ಚಾಗಿ ಸೌತ್ ಡಕೋಟ, ಟೆಕ್ಸಾಸ್, ಫ್ಲಾರಿಡಾ ಇವುಗಳಲ್ಲಿ ಒಂದನ್ನು ತಮ್ಮ ರಾಜ್ಯ ಮಾಡಿಕೊಳ್ಳುತ್ತಾರೆ, ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ನೀವು ಈಗಾಗಲೇ ಟೆಕ್ಸಾಸಿನವರು, ಅದನ್ನು ಬಿಡಬೇಡಿ. ಹ್ಯೂಸ್ಟನ್ನಿನ ಉತ್ತರಕ್ಕೆ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿ ಎಸ್ಕೇಪೀಸ್ ಅನ್ನುವ ಆರ್‌ವಿ ಕ್ಲಬ್ಬಿನ ಟಪಾಲು ಕೇಂದ್ರವಿದೆ, ಅಲ್ಲಿಗೆ ಬಂದ ಕಾಗದಗಳನ್ನು ನೀವಿರುವ ಕಡೆ ಕಳಿಸಿಕೊಡುತ್ತಾರೆ. ಹಾಗಂತ ಟೆಕ್ಸಾಸ್ ವಿಳಾಸ ಇದ್ದ ಮಾತ್ರಕ್ಕೆ ಬೇರೆ ರಾಜ್ಯದಲ್ಲಿ ದುಡಿದ ಕೂಲಿಗೆ ತೆರಿಗೆ ತಪ್ಪುವುದಿಲ್ಲ. ಯೆಲ್ಲೋಸ್ಟೋನಿನ ಬಹುಪಾಲು ವಯೋಮಿಂಗ್‌ನಲ್ಲಿದೆ, ಅಲ್ಲಿ ಆದಾಯ ತೆರಿಗೆ ಇಲ್ಲ. ಉತ್ತರದ ಬಾಗಿಲಾದ ಗಾರ್ಡಿನರ್ ಮೊಂಟಾನಾದಲ್ಲಿದೆ, ಅಲ್ಲಿ ಇದೆ. ಕೆಲಸದ ಜಾಗ ಒಂದು ಸೇತುವೆ ಆಚೆಗಿದ್ದರೂ ಲೆಕ್ಕ ಬದಲಾಗುತ್ತದೆ.

ಇನ್ನು ಕೆಲಸ. ಬೇಸಿಗೆಗೆ ಬೇಕಾದ ಜನರನ್ನು ಚಳಿಗಾಲದಲ್ಲೇ ಆರಿಸುತ್ತಾರೆ. ರೂಮು ಸ್ವಚ್ಛ ಮಾಡುವುದು, ಕೌಂಟರ್, ಅಡುಗೆಮನೆ, ಗಿಫ್ಟ್ ಶಾಪ್, ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವುದು, ಇವೇ ಕೆಲಸಗಳು. ಗಂಟೆ ಲೆಕ್ಕದ ಕೂಲಿ, ದೊಡ್ಡ ಸಂಬಳವಲ್ಲ. ನೆನಪಿಡಿ, ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಹೆಚ್ಚಿನ ಕಡೆ ಅದಕ್ಕಿಂತ ಜಾಸ್ತಿಯೇ ಕೊಡುತ್ತಾರೆ, ಆದರೆ ಗಾಡಿ ನಿಲ್ಲಿಸುವ ಜಾಗದ ಬಾಡಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಕೇಳದೆ ಒಪ್ಪಬೇಡಿ. ವಾರಕ್ಕೆ ಖಾತ್ರಿ ಎಷ್ಟು ಗಂಟೆ, ಇಬ್ಬರಿಗೂ ಒಂದೇ ದಿನ ರಜೆಯಾ, ಕರೆಂಟು 30 ಆಂಪಿಯರೋ 50 ಆಂಪಿಯರೋ, ಒಳಚರಂಡಿ ಸಂಪರ್ಕ ಇದೆಯಾ, ಎಲ್ಲವನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಕೂಲಿಯೇ ಇಲ್ಲದೆ ಬರೀ ಜಾಗಕ್ಕಾಗಿ ವಾರಕ್ಕೆ ಇಷ್ಟು ಗಂಟೆ ಕೆಲಸ ಅನ್ನುವ ಒಪ್ಪಂದಗಳೂ ಇವೆ. ಅಂಥವಕ್ಕೆ ಹೋಗಬೇಡಿ ಎಂದೇ ನನ್ನ ಸಲಹೆ. ದುಡಿದ ಗಂಟೆಗೆ ಕೂಲಿ ಬರಬೇಕು, ಬಾಡಿಗೆ ಬೇರೆ ಲೆಕ್ಕ.

ಊರಿನವರು "ಇಂಜಿನಿಯರಿಂಗ್ ಓದಿ ಹೋಟೆಲ್ ಹಾಸಿಗೆ ಹಾಸ್ತೀಯಾ" ಅಂದೇ ಅನ್ನುತ್ತಾರೆ. ಅನ್ನಲಿ. ಒಬ್ಬರ ಕೈಯಲ್ಲಿ ದಿನಕ್ಕೆ ಹತ್ತಾರು ರೂಮು ತಯಾರಾಗುವುದನ್ನು ಹತ್ತಿರದಿಂದ ನೋಡಿದ ಮೇಲೆ ಆ ಕೆಲಸದ ಮೇಲೆ ನನಗೆ ಬಂದ ಗೌರವ ಕಡಿಮೆಯಾಗಿಲ್ಲ. ಬೆನ್ನು ಗಟ್ಟಿಯಿಲ್ಲದವರು ಮಾತ್ರ ಅದನ್ನು ಆರಿಸಿಕೊಳ್ಳಬಾರದು.

ಊಟದ ವಿಷಯ. ಯೆಲ್ಲೋಸ್ಟೋನಿನ ಓಲ್ಡ್ ಫೇಯ್ತ್‌ಫುಲ್ ಬಿಸಿನೀರಿನ ಬುಗ್ಗೆಯ ಬಳಿ ನೆಲ ಸುಮಾರು 2,240 ಮೀಟರ್ ಎತ್ತರ, ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಕುಕ್ಕರ್ ಇಲ್ಲದೆ ಸಾರಿಲ್ಲ. 30 ಆಂಪಿಯರ್ ಸಂಪರ್ಕ ಅಂದರೆ 120 ವೋಲ್ಟಿಗೆ ಒಟ್ಟು 3,600 ವಾಟ್. ಇಂಡಕ್ಷನ್ ಒಲೆ 1,800 ಎಳೆಯುತ್ತದೆ. ಆಗ ಎಸಿ ಓಡುತ್ತಿದ್ದು ಯಾರಾದರೂ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬಿದ್ದು ಇಡೀ ಮನೆ ಕತ್ತಲು. ಹಾಗಾಗಿ ನಮ್ಮ ಗಾಡಿಯಲ್ಲಿ ಅಡುಗೆಗೆ ಇಳಿಯುವವರು ಮೊದಲು "ಎಸಿ ಆಫ್" ಎಂದು ಕೂಗುತ್ತಾರೆ. ಒಗ್ಗರಣೆಗೆ ಸಾಸಿವೆ ಸಿಡಿಸಿ ಮೆಣಸಿನಕಾಯಿ ಹಾಕಿದ ಕೂಡಲೇ ಹೊಗೆ ಅಲಾರಂ ಕಿರುಚುತ್ತದೆ. ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಅಲಾರಂ ಬ್ಯಾಟರಿ ಮಾತ್ರ ಕೀಳಬೇಡಿ. ನೆಲದ ಹತ್ತಿರ ಇರುವ ಇನ್ನೊಂದು ಪೆಟ್ಟಿಗೆ ಪ್ರೋಪೇನ್ ಸೋರಿಕೆ ಹಿಡಿಯುವಂಥದ್ದು. ಆ ಅನಿಲ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಅದರ ಮುಂದೆ ಚೀಲ, ಚಪ್ಪಲಿ ಒತ್ತರಿಸಬೇಡಿ. ರಾಗಿಹಿಟ್ಟು, ಬೇಳೆ, ಬ್ಯಾಡಗಿ ಮೆಣಸಿನಪುಡಿ ಇಡೀ ಸೀಸನ್ನಿಗೆ ಆಗುವಷ್ಟು ತಂದುಕೊಳ್ಳಿ, ಅಲ್ಲಿ ಸುತ್ತಮುತ್ತ ಸಿಗುವುದಿಲ್ಲ. ತಿನ್ನುವ ಯಾವುದನ್ನೂ ಹೊರಗೆ ಬಿಡುವಂತಿಲ್ಲ, ಕರಡಿ ಬರುತ್ತದೆ.

ಸೆಪ್ಟೆಂಬರ್ ಕೊನೆಗೆ ರಾತ್ರಿ ನೀರಿನ ಪೈಪು ಹೆಪ್ಪುಗಟ್ಟಲು ಶುರು. ಬಿಸಿಯಾಗುವ ಪೈಪು ಇಟ್ಟುಕೊಳ್ಳಿ, ಇಲ್ಲವೇ ಸಂಜೆಯೇ ಟ್ಯಾಂಕು ತುಂಬಿಸಿ ಪೈಪು ಬಿಚ್ಚಿಡಿ. ಶೌಚದ ಟ್ಯಾಂಕಿನ ವಾಲ್ವ್ ಸದಾ ಮುಚ್ಚಿರಲಿ. ತುಂಬಿದ ಮೇಲೆ ಅದನ್ನು ಮೊದಲು ಬಿಟ್ಟು, ಆಮೇಲೆ ಸ್ನಾನದ ನೀರಿನ ಟ್ಯಾಂಕು ಬಿಟ್ಟರೆ ಕೊಳವೆ ತಾನಾಗಿ ತೊಳೆದುಹೋಗುತ್ತದೆ.

ಖರ್ಚಿನಲ್ಲಿ ನನ್ನನ್ನು ಇಂದಿಗೂ ಚಿಂತೆಗೆ ಹಚ್ಚುವುದು ಡೀಸೆಲ್ ಅಲ್ಲ, ಆರೋಗ್ಯ ವಿಮೆ. ಸೀಸನ್ ಕೆಲಸದಲ್ಲಿ ಅದು ಸಿಗುವುದು ಅಪರೂಪ. ಮಾರ್ಕೆಟ್‌ಪ್ಲೇಸಿನಲ್ಲಿ (ಸರ್ಕಾರದ ಆರೋಗ್ಯ ವಿಮಾ ಮಾರುಕಟ್ಟೆ) ಕೊಂಡ ವಿಮೆ ನಿಮ್ಮ ಊರಿನ ಪಿನ್‌ಕೋಡ್‌ಗೆ ಅಂಟಿಕೊಂಡಿರುತ್ತದೆ, ಬೇರೆ ರಾಜ್ಯದಲ್ಲಿ ಎಷ್ಟೋ ವಿಮೆಗಳು ತುರ್ತು ಚಿಕಿತ್ಸೆಗಷ್ಟೇ ಆಗುತ್ತವೆ. ಮಗು ಬೇಕೆಂಬ ಯೋಚನೆ ಇದ್ದರೆ ಮೊದಲು ಈ ಲೆಕ್ಕ ಹಾಕಿ. ಈ ಸೀಸನ್ ಕೆಲಸದಿಂದ ನಿಜವಾಗಿ ಲಾಭವಾಗುವುದು ತಡವಾಗಿ ಗ್ರೀನ್ ಕಾರ್ಡ್ ಪಡೆದು ಬಂದವರಿಗೆ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕು ಮಾತ್ರ. 2025ರಲ್ಲಿ 7,240 ಡಾಲರ್ ದುಡಿದರೆ ಆ ವರ್ಷದ ನಾಲ್ಕೂ ಬಂದವು, ಅದು ಒಂದು ಬೇಸಿಗೆಯಲ್ಲೇ ಆಗುವ ಮೊತ್ತ. ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದ ಇಲ್ಲ, ಊರಿನ ಸರ್ವಿಸ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ತಂದೆತಾಯಿ ಮುಂದೆಂದಾದರೂ ಬಂದರೆ ಇದು ಅವರ ಕಿವಿಗೆ ಬಿದ್ದಿರಲಿ.

ನೀವಿಬ್ಬರೂ ಈಗ ಮಾಡಬಹುದಾದದ್ದು ಒಂದಿದೆ. ಗಾಡಿ ಕೊಳ್ಳಬೇಡಿ. ರಜೆ ಹಾಕಿ, ಬಾಡಿಗೆ ಆರ್‌ವಿ ತೆಗೆದುಕೊಂಡು ಸೆಪ್ಟೆಂಬರ್ ಕೊನೆಯ ಎರಡು ವಾರ ಯೆಲ್ಲೋಸ್ಟೋನಿಗೆ ಬನ್ನಿ, ಜುಲೈ ಬೇಡ. ಚಳಿ, ಕರೆಂಟು, ಟ್ಯಾಂಕು, ಇಬ್ಬರೇ ಸಣ್ಣ ಜಾಗದಲ್ಲಿ ಇರುವುದು ಎಲ್ಲವೂ ಆಗ ಒಟ್ಟಿಗೆ ಗೊತ್ತಾಗುತ್ತದೆ. ಪಾರ್ಕಿನೊಳಗೆ ನೀರು, ಕರೆಂಟು, ಒಳಚರಂಡಿ ಮೂರೂ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ. ಕರಡಿ ಓಡಾಡುವ ಜಾಗವಾದ್ದರಿಂದ ಬಟ್ಟೆಯ ಗೋಡೆಯ ಗಾಡಿಗಳಿಗೆ ಪ್ರವೇಶವಿಲ್ಲ, ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಗಟ್ಟಿ ಗೋಡೆಯದ್ದನ್ನು ಕೇಳಿ. ಜಾಗ ಬೇಗ ತುಂಬುತ್ತದೆ, ದಿನಾಂಕ ಗೊತ್ತಾದ ಕೂಡಲೇ ಬುಕ್ ಮಾಡಿ.