ದುರ್ಯೋಧನನ ದುಃಖಕ್ಕೆ ರನ್ನ ಕೊಟ್ಟ ಜಾಗ

ಓದುಗರ ಪತ್ರ: ಕಳೆದ ಸಂಚಿಕೆಯ ಕತೆಯಲ್ಲಿ, ಹಾಸಿಗೆ ಹಿಡಿದ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಅಣ್ಣನ ಪಾಲಿನ ತೋಟವನ್ನೂ ತನ್ನ ಖಾತೆಗೆ ಮಾಡಿಸಿಕೊಳ್ಳುವ ತಮ್ಮನಿದ್ದಾನೆ. ಮನಸ್ಸಿಗೆ ನಾಟುವ ಮಾತುಗಳೆಲ್ಲ ಅವನ ಬಾಯಲ್ಲೇ ಇವೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಓದಿ ಮುಗಿಸಿ, "ಪಾಪ, ಆ ತಮ್ಮ" ಎಂದಳು. ಕೆಡುಕನಿಗೆ ಇಷ್ಟು ಜಾಗ ಕೊಟ್ಟರೆ ಮಕ್ಕಳಿಗೆ ಸರಿ ತಪ್ಪು ತಿಳಿಯುವುದು ಹೇಗೆ?

ಸಂಪಾದಕರ ಉತ್ತರ: ಮಾನ್ಯರೇ, ಮಗಳ ಜೊತೆ ಕೂತು ಕತೆ ಓದುವ ತಾಯಿಯ ಪತ್ರ ಇದು. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸು ಬರಲಿಲ್ಲ.

ನಿಮ್ಮ ಪ್ರಶ್ನೆ ಓದಿದ ರಾತ್ರಿ ನಾನು ರನ್ನನ ಗದಾಯುದ್ಧವನ್ನು ಮತ್ತೆ ತೆರೆದೆ. ಹತ್ತನೆಯ ಶತಮಾನದ ಕೊನೆಯ ಭಾಗದ ಕಾವ್ಯ. ಅದರ ಇನ್ನೊಂದು ಹೆಸರು ಸಾಹಸಭೀಮವಿಜಯ, ಅಂದರೆ ನಾಯಕ ಭೀಮ. ಅಷ್ಟೇ ಅಲ್ಲ, ತನಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ರನ್ನ ಆ ಭೀಮನಲ್ಲೇ ಕಂಡು ಹಾಡಿದ್ದಾನೆ. ದೊರೆಯೇ ನಾಯಕನಾಗಿರುವಾಗ ಎದುರಾಳಿಯನ್ನು ಹುಳುವಿನಂತೆ ಚಿತ್ರಿಸುವುದು ಎಷ್ಟು ಸುಲಭವಿತ್ತು! ರನ್ನ ಹಾಗೆ ಮಾಡಲಿಲ್ಲ. ಸೋತ ದುರ್ಯೋಧನನನ್ನು ಸಂಜಯನ ಜೊತೆ ರಣರಂಗದಲ್ಲಿ, ಹೆಣಗಳ ನಡುವೆ ನಡೆಸಿದ. ಕನ್ನಡದಲ್ಲಿ ಅಂಥ ನಡಿಗೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಮಗ ಲಕ್ಷಣಕುಮಾರನ ಹೆಣದ ಮುಂದೆ ಅವನು ನಿಲ್ಲುತ್ತಾನೆ. ತಂದೆಗೆ ಮಗ ತರ್ಪಣ ಕೊಡುವುದು ಲೋಕದ ಕ್ರಮ, ನಾನೇ ನಿನಗೆ ಕೊಡುವಂತಾಯಿತಲ್ಲ, ಕ್ರಮವನ್ನೇ ತಿರುವುಮುರುವು ಮಾಡಿದೆಯಲ್ಲ ಎನ್ನುತ್ತಾನೆ. ದುಶ್ಶಾಸನನನ್ನು ಕಂಡಾಗ ತಾಯಿಯ ಎದೆಹಾಲು ನೆನಪಾಗುತ್ತದೆ: ಮೊದಲು ಕುಡಿದವನು ನಾನು, ನನ್ನ ಬಳಿಕ ನೀನು, ಸಾಯುವಾಗ ಮಾತ್ರ ನೀನು ಮುಂದಾದೆ. ಶತ್ರುವಿನ ಮಗ ಅಭಿಮನ್ಯುವಿಗೂ ಅವನು ಕೈಮುಗಿಯುತ್ತಾನೆ, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುತ್ತಾನೆ.

ಆಮೇಲೆ ಕರ್ಣ. ನೀನು ಯಾರೆಂಬುದನ್ನು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ಬೇರೆ ಯಾರೂ ಅರಿಯರು ಎನ್ನುತ್ತಾನೆ. ಮೊದಲ ಓದಿಗೆ ಅದು ಬರಿಯ ಅಳಲು, ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಇನ್ನೊಮ್ಮೆ ಓದಿ. ಗೆಳೆಯನು ಪಾಂಡವರ ಒಡಹುಟ್ಟಿದವನೆಂದು ತಿಳಿದೂ ತಿಳಿದೂ ಅವನನ್ನು ತಮ್ಮಂದಿರ ಮೇಲೆ ಯುದ್ಧಕ್ಕೆ ಬಿಟ್ಟವನು ಇವನು! ಪ್ರೀತಿಯೂ ಅಪರಾಧವೂ ಒಂದೇ ಪದ್ಯದಲ್ಲಿವೆ, ಅದೂ ಅವನದೇ ಬಾಯಲ್ಲಿ. ಹೊರಗಿನಿಂದ ಯಾರು ದೂರಿದ್ದರೂ ಆ ತಪ್ಪು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಎದುರಾಳಿಗೆ ಬಾಯಿ ಕೊಡುವುದೆಂದರೆ ಅವನನ್ನು ಖುಲಾಸೆ ಮಾಡುವುದಲ್ಲ, ಅವನ ಕೈಯಲ್ಲೇ ಅವನ ವಿರುದ್ಧ ಸಾಕ್ಷಿ ಹೇಳಿಸುವುದು ಎಂದು ನಾನು ನಂಬಿರುವುದು ಇಂಥ ಪದ್ಯಗಳಿಂದಲೇ.

ಇಷ್ಟೆಲ್ಲ ಕಳೆದುಕೊಂಡವನು ಸಂಧಿಗೆ ಒಪ್ಪಬಹುದಿತ್ತು, ಹಿರಿಯರು ಹೇಳಿಯೂ ಹೇಳಿದರು. "ನೆಲಕಿಱಿವೆನೆಂದು ಬಗೆದಿರೆ ಚಲಕಿಱಿವೆಂ" ಎಂದುಬಿಟ್ಟ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಕಾದುತ್ತೇನೆ. ನೆಲದ ಜಗಳವನ್ನು ಹಂಚಿ ತೀರಿಸಬಹುದು. ಛಲವನ್ನು ಹೇಗೆ ಹಂಚುತ್ತೀರಿ? ಕತೆಯ ಸಂಘರ್ಷ ಬಿಗಿಯಾಗುವುದು ಇಲ್ಲಿ. ಎದುರಾಳಿ ಎಷ್ಟು ಕೆಟ್ಟವನು ಎಂಬುದಕ್ಕಿಂತ, ಏನನ್ನು ಬಿಟ್ಟುಕೊಡಲಾರ ಎಂಬುದು ನಮಗೆ ಗೊತ್ತಾಗಬೇಕು. ಕೊನೆಗೆ ಕೊಳದಲ್ಲಿ ಅಡಗಿ ಕೂತಾಗ, ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಬೆವರಿದವನು ಅಂಥ ಛಲಗಾರನಾದ್ದರಿಂದಲೇ ಗರ್ಜಿಸಿದ ಭೀಮ ದೊಡ್ಡವನಾಗಿ ಕಾಣುತ್ತಾನೆ.

ದ್ರೌಪದಿಯನ್ನು ರನ್ನ ಮರೆತನೇ? ಇಲ್ಲ. ಅವಳ ಬಿಚ್ಚಿದ ಮುಡಿ ಕಾವ್ಯದ ಆರಂಭದಲ್ಲೇ ಇದೆ, ಕೊನೆಗೆ ಅದನ್ನು ಕಟ್ಟಿಸಿದ್ದಾನೆ. ದುರ್ಯೋಧನನಿಗಾಗಿ ಮರುಗಿದ ಓದುಗನಿಗೂ ಆ ಮುಡಿ ಬಿಚ್ಚಿಯೇ ಇರಲಿ ಎನಿಸುವುದಿಲ್ಲ.

ಎದುರಾಳಿ ಕೆಡುಕನೇ ಆಗಿರಬೇಕೆಂದೂ ಇಲ್ಲ. ಶಿವರಾಮ ಕಾರಂತರ 1933ರ ಕಾದಂಬರಿ 'ಚೋಮನ ದುಡಿ'ಯಲ್ಲಿ ಚೋಮನಿಗೆ ಬೇಕಿದ್ದದ್ದು ಉಳುವುದಕ್ಕೆ ಒಂದಿಷ್ಟು ಭೂಮಿ. ಅದಕ್ಕೆ ಅಡ್ಡ ನಿಂತದ್ದು ಒಬ್ಬ ದುಷ್ಟನಲ್ಲ, ಅಸ್ಪೃಶ್ಯನಾದವನು ಸ್ವಂತ ಬೇಸಾಯ ಮಾಡಬಾರದೆಂಬ, ಎಲ್ಲರೂ ಸರಿಯೆಂದೇ ಒಪ್ಪಿಕೊಂಡಿದ್ದ ಕಟ್ಟುಪಾಡು. ಕಾರಂತರು ಅಲ್ಲಿ ಒಬ್ಬ ಖಳನನ್ನು ತಂದು ನಿಲ್ಲಿಸಿದ್ದರೆ ಓದುಗರ ಸಿಟ್ಟೆಲ್ಲ ಅವನ ತಲೆಗೆ ಹೋಗಿ, ಕಟ್ಟುಪಾಡು ಪಾರಾಗಿಬಿಡುತ್ತಿತ್ತು.

ಇನ್ನು ನಮ್ಮ ಕತೆಯ ತಮ್ಮ. ಹನ್ನೆರಡು ವರ್ಷ ತಾಯಿಯ ಮಲಮೂತ್ರ ಬಾಚಿದೆ, ಅಣ್ಣ ಹಬ್ಬಕ್ಕೊಮ್ಮೆ ಸೀರೆ ತಂದುಕೊಟ್ಟು ಹೋದ ಎಂದು ಅವನು ಹೇಳುವುದು ಸುಳ್ಳಲ್ಲ. ನಿಮ್ಮ ಮಗಳು "ಪಾಪ" ಎಂದಿದ್ದು ಅಲ್ಲಿಯೇ ಇರಬೇಕು. ಆದರೆ ಅದೇ ಉಸಿರಿನಲ್ಲಿ, "ಅಮ್ಮನ ಬೆರಳಿಗೆ ಮಸಿ ಹಚ್ಚುವಾಗ ಅವಳು ನನ್ನನ್ನು ಅಣ್ಣನ ಹೆಸರಿನಿಂದ ಕರೆದಳು" ಎಂದೂ ಹೇಳುತ್ತಾನೆ. ಕತೆಗಾರರ ಹಸ್ತಪ್ರತಿಯಲ್ಲಿ ಆ ಸಾಲಿನ ಕೆಳಗೆ ನಾನು ಗೆರೆ ಎಳೆದಿದ್ದೆ. ಕತೆಯನ್ನು ಆರಿಸಿದ್ದು ಅದಕ್ಕಾಗಿಯೇ.

ದಯವಿಟ್ಟು ಆ ಪುಟವನ್ನು ಮಗಳೊಂದಿಗೆ ಇನ್ನೊಮ್ಮೆ ಓದಿ. ತಮ್ಮನ ಮೇಲೆ ಮರುಕ ಪಟ್ಟದ್ದು ತಪ್ಪು ಎನ್ನಬೇಡಿ. ತೋಟ ಯಾರಿಗೆ ಸೇರಬೇಕು ಎಂದಷ್ಟೇ ಕೇಳಿ. ಅವಳ ಉತ್ತರವನ್ನು ಅವಳ ಕೈಬರಹದಲ್ಲೇ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.